ಕುಡಿತ ಬಿಡಲು ಮೀಟಿಂಗ್‌ಗೆ ಹೋಗುವವರಿಗೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ತಪ್ಪುತ್ತೆ

"ಹೋಗಿದ್ದೆ, ಗೇಟ್ ಹಾಕಿತ್ತು, ವಾಪಸ್ ಬಂದೆ." ಕುಡಿತ ಬಿಟ್ಟವರು, ಬಿಡುತ್ತಿರುವವರು ಸೇರಿ ಕೂರುವ ಮೀಟಿಂಗ್‌ಗೆ ಹೊರಟವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಎರಡನೆಯದು, "ಒಂದು ಸಲ ಹೋದೆ, ಅದು ನನಗಲ್ಲ ಅನ್ನಿಸ್ತು." ಮೂರನೆಯದನ್ನು ಹೇಳುವುದು ಹೆಂಡತಿ ಅಥವಾ ತಾಯಿ: "ಎಳ್ಕೊಂಡು ಹೋದ್ವಿ, ಅರ್ಧಕ್ಕೇ ಎದ್ದು ಬಂದ."

ಮನಸ್ಸು ಗಟ್ಟಿ ಇಲ್ಲ ಅಂತ ಇವರನ್ನು ಬೈಯಬೇಡಿ. ಮೂವರದೂ ಒಂದೇ ತೊಂದರೆ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿರುತ್ತಾರೆ. ನನ್ನ ತಮ್ಮನನ್ನು ಕರೆದುಕೊಂಡು ಹೋದಾಗ ನಾವೂ ಇದನ್ನೇ ಮಾಡಿದ್ದೆವು. ಆಮೇಲೆ ಇನ್ನೂ ಹಲವರ ಜೊತೆ ಹೋಗಿ ಬಂದಿದ್ದೇನೆ. ಯಾವ ಕ್ರಮದಲ್ಲಿ ಹೋದರೆ ಕೆಲಸ ಆಗುತ್ತೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಹಂತಗಳನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ, ಮೊದಲನೆಯದನ್ನಂತೂ ಬಿಡಲೇಬೇಡಿ.

## ಮೊದಲೇ ಜೋಡಿಸಿಕೊಳ್ಳಬೇಕಾದ್ದು

ಜಾಸ್ತಿ ಏನೂ ಬೇಡ. ಒಂದು ಚಿಕ್ಕ ನೋಟ್‌ಬುಕ್, ಪೆನ್ನು. ಚಾರ್ಜ್ ಇರುವ ಫೋನ್. ಡಾಕ್ಟರ್ ಚೀಟಿ ಇದ್ದರೆ ಅದು. ಹೋಗಿ ಬರಲು ಬಸ್ಸಿನ ದುಡ್ಡು ಮಾತ್ರ, ಜೇಬಲ್ಲಿ ಕ್ವಾರ್ಟರ್‌ಗೆ ಆಗುವಷ್ಟು ಕಾಸು ಬೇಡ. ಹೊಟ್ಟೆ ಹಸಿದಾಗ ಕುಡಿಯುವ ಆಸೆ ಹೆಚ್ಚು, ಆದ್ದರಿಂದ ಒಂದೆರಡು ಕಡಲೆಮಿಠಾಯಿ ಇಟ್ಟುಕೊಳ್ಳಿ. ಸಂಜೆಯ ಮೂರು ಗಂಟೆ ಪೂರ್ತಿ ಖಾಲಿ ಇರಲಿ.

ಫೋನಿನಲ್ಲಿ ಈ ನಂಬರ್‌ಗಳನ್ನು ಸೇವ್ ಮಾಡಿ: 14446 (ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ), 14416 (ಟೆಲಿ ಮಾನಸ್, ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು), 108 (ಆಂಬ್ಯುಲೆನ್ಸ್).

## ಹಂತ 1: ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್

ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಿನಾ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಿಸಲು ಒಂದು ಗುಟುಕು ಹಾಕಲೇಬೇಕು ಎನ್ನುವವರು, "ನಾಳೆಯಿಂದ ಮುಟ್ಟಲ್ಲ" ಅಂತ ಒಂದೇ ಏಟಿಗೆ ನಿಲ್ಲಿಸಬಾರದು. ದೇಹ ಅಷ್ಟು ದಿನ ಅದಕ್ಕೇ ಒಗ್ಗಿಕೊಂಡಿರುತ್ತದೆ. ಕೊನೆಯ ಗುಟುಕಿನ ನಂತರ ಸುಮಾರು 6 ಗಂಟೆಯಲ್ಲೇ ನಡುಕ, ಬೆವರು, ವಾಂತಿ, ನಿದ್ರೆ ಇಲ್ಲದ್ದು ಶುರುವಾಗಬಹುದು. ಮೊದಲ ಎರಡು ದಿನಗಳ ಒಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಮಧ್ಯೆ ಕೆಲವರಿಗೆ ಪ್ರಜ್ಞೆ ಕಲಸಿಹೋಗುತ್ತದೆ. ಇಲ್ಲದ ಹುಳ ಮೈಮೇಲೆ ಹರಿದಂತೆ, ಗೋಡೆಯಲ್ಲಿ ಯಾರೋ ನಿಂತಂತೆ ಕಾಣುತ್ತದೆ. ಮನೆಯವರು ಇದನ್ನು "ಗಾಳಿ ಸೋಕಿದೆ" ಅಂತ ತಿಳಿದು ತಾಯತ ಕಟ್ಟಿಸಲು ಹೋಗುತ್ತಾರೆ. ಅದು ಗಾಳಿಯಲ್ಲ. ಚಿಕಿತ್ಸೆ ಸಿಗದಿದ್ದರೆ ಸಾಯಬಹುದಾದ ಸ್ಥಿತಿ.

ಈ ಲಕ್ಷಣ ಕಂಡರೆ ಮೀಟಿಂಗ್ ಬಿಟ್ಟು ತಕ್ಷಣ 108ಕ್ಕೆ ಫೋನ್ ಮಾಡಿ: ಫಿಟ್ಸ್, ಮಾತು ಅಸಂಬದ್ಧವಾಗುವುದು, ಇಲ್ಲದ್ದು ಕಾಣುವುದು, ಜೋರು ಜ್ವರ, ನಿಲ್ಲದ ವಾಂತಿ, ವಾಂತಿಯಲ್ಲಿ ರಕ್ತ, ಎಬ್ಬಿಸಿದರೂ ಏಳದಿರುವುದು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಉಳಿದವರು ಜಿಲ್ಲಾ ಆಸ್ಪತ್ರೆ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಮನೋರೋಗ ವಿಭಾಗಕ್ಕೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ "ಮನೋಚೈತನ್ಯ ಕ್ಲಿನಿಕ್ ಯಾವತ್ತು?" ಎಂದು ಕೇಳಿ. ಮನೋವೈದ್ಯರು ಬಂದು ನೋಡುವ ಈ ಕ್ಲಿನಿಕ್‌ಗೆ ಮಂಗಳವಾರ ಗೊತ್ತು ಮಾಡಿದ್ದಾರೆ, ಆದರೂ ಹೋಗುವ ಮೊದಲು ವಿಚಾರಿಸಿ.

ಡಾಕ್ಟರ್ ಹತ್ತಿರ ಲೆಕ್ಕ ಕಡಿಮೆ ಹೇಳಬೇಡಿ. ಎರಡು ಕ್ವಾರ್ಟರ್ ಕುಡಿಯುವವರು "ಒಂದು ನೈಂಟಿ ಅಷ್ಟೇ ಸಾರ್" ಅಂತಾರೆ. ಅಂದರೆ 360 ಎಂ.ಎಲ್. ಹೋಗಿ 90 ಆಯಿತು. ಮಾತ್ರೆಯ ಪ್ರಮಾಣವೂ ಅದಕ್ಕೆ ತಕ್ಕಂತೆ ತಪ್ಪುತ್ತದೆ. ಸುಸ್ತು ಅಂತ ಪಕ್ಕದ ಕ್ಲಿನಿಕ್‌ನಲ್ಲಿ ಸುಮ್ನೆ ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಳ್ಳುವವರೂ ಇದ್ದಾರೆ. ಬಹಳ ದಿನ ಕುಡಿದವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಕುಡಿತದ ವಿಷಯ ಹೇಳಿಯೇ ಡ್ರಿಪ್ ಹಾಕಿಸಿಕೊಳ್ಳಿ.

ಮನೆಯವರಿಗೆ ಒಂದು ಮಾತು, ಕೈಮುಗಿದು ಕೇಳುತ್ತೇನೆ. ಕುಡಿಯುವವನಿಗೆ ಗೊತ್ತಿಲ್ಲದೆ ಸಾರಿನಲ್ಲಿ, ಕಾಫಿಯಲ್ಲಿ ಮಾತ್ರೆ ಪುಡಿ ಮಾಡಿ ಹಾಕಬೇಡಿ. "ಕುಡಿತ ಬಿಡಿಸುವ ಪುಡಿ" ಅಂತ ಸಿಗುವುದರಲ್ಲಿ ಏನಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಮ್ ಮಾತ್ರೆಯೇ ಆಗಿದ್ದರೆ, ಅದರ ಮೇಲೆ ಮದ್ಯ ಬಿದ್ದಾಗ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಅದು ಡಾಕ್ಟರ್ ಬರೆದು, ತಿನ್ನುವವನು ಒಪ್ಪಿ ತಿನ್ನಬೇಕಾದ ಮಾತ್ರೆ.

## ಹಂತ 2: ಯಾವ ಗುಂಪು ಅನ್ನೋದನ್ನು ತೀರ್ಮಾನಿಸಿ

ಎಲ್ಲದಕ್ಕೂ ಜನ "ಡಿ-ಅಡಿಕ್ಷನ್ ಸೆಂಟರ್" ಅಂತಾರೆ. ಆದರೆ ಮೀಟಿಂಗ್ ಬೇರೆ, ಅಡ್ಮಿಟ್ ಆಗುವ ಕೇಂದ್ರ ಬೇರೆ, ಶಿಬಿರ ಬೇರೆ.

ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ. ಇದು ಕುಡಿತ ಬಿಟ್ಟವರು, ಬಿಡುತ್ತಿರುವವರು ಸೇರಿ ಕೂರುವ ಕೂಟ. ಫೀಸು ಇಲ್ಲ. ಹೆಸರು, ಜಾತಿ, ಕೆಲಸ ಯಾವುದನ್ನೂ ಕೇಳುವುದಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ನಿಲ್ಲಿಸುವ ಆಸೆ. ಮುಂದಿನ ಹಂತಗಳೆಲ್ಲ ಮುಖ್ಯವಾಗಿ ಇದಕ್ಕೇ ಸಂಬಂಧಪಟ್ಟವು.

ಊರಿನ ಕಡೆಯವರಿಗೆ ಮದ್ಯವರ್ಜನ ಶಿಬಿರ ಗೊತ್ತಿರುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಶಿಬಿರ ಎಂಟು ದಿನದ್ದು. ಅದು ಮುಗಿದ ಮೇಲೆ ಬಿಟ್ಟವರು ಸೇರುವ ನವಜೀವನ ಸಮಿತಿಗಳೂ ಇವೆ. ಶಿಬಿರಕ್ಕೆ ಹೋಗಿ ಬಂದು ಸಮಿತಿಗೆ ಹೋಗದೇ ಇರುವುದು ಇಲ್ಲಿನ ದೊಡ್ಡ ತಪ್ಪು. ಅಯ್ಯಪ್ಪ ಮಾಲೆ ಹಾಕಿ 41 ದಿನ ಬಾಟಲಿ ಮುಟ್ಟದವರು ಮಾಲೆ ತೆಗೆದ ಸಂಜೆಯೇ ಬಾರಿಗೆ ಹೋಗಿದ್ದನ್ನು ನೀವೂ ನೋಡಿರುತ್ತೀರಿ, ಅಲ್ವಾ? 42ನೇ ದಿನಕ್ಕೆ ಕೂರಲು ಒಂದು ಜಾಗ ಇರಲಿಲ್ಲ, ಅಷ್ಟೇ.

ದೇವರ ಮಾತು ಬೇಡ ಎನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಕೂಟದ ಆನ್‌ಲೈನ್ ಮೀಟಿಂಗ್‌ಗಳಿವೆ, ಇಂಗ್ಲಿಷ್ ಗೊತ್ತಿದ್ದರೆ ಪ್ರಯತ್ನಿಸಬಹುದು. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟ ಇದೆ.

ನೆಪಕ್ಕೆ "ರಿಹ್ಯಾಬ್" ಅಂತ ಬೋರ್ಡು ಹಾಕಿ ಕೂಡಿಹಾಕುವ ಜಾಗಗಳಿಂದ ದೂರ ಇರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇಂಥ ಚಿಕಿತ್ಸಾ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ನೋಂದಣಿ ಪತ್ರ ತೋರಿಸಲು ಹಿಂದೇಟು ಹಾಕಿದರೆ, ಮನೆಯವರಿಗೆ ಭೇಟಿ ಬಿಡದಿದ್ದರೆ, "ಮೂರು ತಿಂಗಳ ದುಡ್ಡು ಮೊದಲೇ ಕಟ್ಟಿ" ಅಂದರೆ, ಅಲ್ಲಿಂದ ಎದ್ದು ಬನ್ನಿ.

## ಹಂತ 3: ಮೀಟಿಂಗ್ ಹುಡುಕಿ, ಅದೇ ದಿನ ಫೋನ್ ಮಾಡಿ ಖಚಿತ ಮಾಡಿ

ಎ.ಎ. ಇಂಡಿಯಾದ ವೆಬ್‌ಸೈಟಿನಲ್ಲಿ ಊರು ಹಾಕಿ ಹುಡುಕಬಹುದು. ಅಲ್ಲಿನ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರಿನ ಸದಸ್ಯರ ಸಂಪರ್ಕ ಕೊಡುತ್ತಾರೆ. ಆಸ್ಪತ್ರೆಯ ಮನೋರೋಗ ವಿಭಾಗದ ಸಮಾಜ ಕಾರ್ಯಕರ್ತರಿಗೆ ಹತ್ತಿರದ ಗುಂಪುಗಳು ಗೊತ್ತಿರುತ್ತವೆ. ನನ್ನ ಅನುಭವದಲ್ಲಿ ಅವರನ್ನು ಕೇಳುವುದೇ ಬೇಗ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ "ಮೀಟಿಂಗ್ ಗೈಡ್" ಎಂಬ ಉಚಿತ ಆಪ್ ಇದೆ.

ಗೂಗಲ್ ಮ್ಯಾಪ್ ಒಂದನ್ನೇ ನಂಬಿ ಹೊರಡಬೇಡಿ. ಮೀಟಿಂಗ್‌ಗಳಿಗೆ ಸ್ವಂತ ಕಟ್ಟಡ ಇರುವುದು ಅಪರೂಪ. ಶಾಲೆಯ ಕೋಣೆ, ಚರ್ಚಿನ ಹಾಲ್, ಆಸ್ಪತ್ರೆಯ ಮೂಲೆಯ ಕೊಠಡಿ, ಹೀಗೆ ಸಿಕ್ಕ ಕಡೆ ನಡೆಯುತ್ತವೆ. ಪರೀಕ್ಷೆ ಬಂದರೆ ಶಾಲೆ ಸಿಗುವುದಿಲ್ಲ, ಜಾಗ ಬದಲಾಗುತ್ತದೆ, ಮ್ಯಾಪಿನಲ್ಲಿ ಹಳೆಯದೇ ಇರುತ್ತದೆ. ನಾವು ಮೊದಲ ಸಲ ಹೋದದ್ದು ಹೀಗೇ. ಬೀಗ ಹಾಕಿದ ಗೇಟಿನ ಮುಂದೆ ನಿಂತು ನನ್ನ ತಮ್ಮ "ನೋಡಿದ್ಯಾ, ನಾನು ಹೇಳ್ಲಿಲ್ವಾ" ಅಂದ. ಅವತ್ತು ರಾತ್ರಿ ಮತ್ತೆ ಕುಡಿದ. ಮುಂದಿನ ಸಲ ಮನೆಯಿಂದ ಹೊರಡಿಸಲು ಐದು ತಿಂಗಳು ಹಿಡಿಯಿತು. ಒಂದು ಫೋನ್ ಮಾಡಿದ್ದರೆ ಆ ಐದು ತಿಂಗಳು ಉಳಿಯುತ್ತಿತ್ತು.

ಫೋನಿನಲ್ಲಿ ಏನು ಹೇಳಬೇಕು ಅಂತ ಗೊತ್ತಾಗದೆ ಕಟ್ ಮಾಡುವವರು ಇದನ್ನೇ ಓದಿ ಹೇಳಿ: "ನಮಸ್ಕಾರ. ನಾನು ಕುಡಿತ ಬಿಡಬೇಕು ಅಂತಿದೀನಿ. ಮೊದಲ ಸಲ ಬರ್ತಿದೀನಿ. ಇವತ್ತು ಮೀಟಿಂಗ್ ಇದೆಯಾ?" ಹೆಸರು ಹೇಳಬೇಕಾಗಿಲ್ಲ. ಆಮೇಲೆ ಇಷ್ಟು ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ:

1. ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಗಿಯುತ್ತೆ?
2. ಮಾತು ಕನ್ನಡದಲ್ಲಾ? ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು ಮೀಟಿಂಗ್‌ಗಳೂ ಇವೆ. ಭಾಷೆ ಅರ್ಥವಾಗದೆ ಎದ್ದು ಬಂದವರು ಕಡಿಮೆಯೇನಲ್ಲ.
3. ಓಪನ್ ಮೀಟಿಂಗಾ, ಕ್ಲೋಸ್ಡ್ ಮೀಟಿಂಗಾ? ಓಪನ್‌ಗೆ ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್‌ಗೆ ಕುಡಿತದ ತೊಂದರೆ ಇರುವವರು ಮಾತ್ರ. ಅಣ್ಣನೋ ಹೆಂಡತಿಯೋ ಜೊತೆಗೆ ಬರುವುದಾದರೆ ಓಪನ್‌ನಿಂದಲೇ ಶುರು ಮಾಡಿ.
4. ಯಾವ ಗೇಟು, ಎಷ್ಟನೇ ಮಹಡಿ?
5. ಗೇಟಿನ ಹತ್ತಿರ ಯಾರಾದರೂ ಸಿಗಬಹುದಾ?

ಐದನೆಯದನ್ನು ಕೇಳಲು ಸಂಕೋಚ ಬೇಡ. ಖುಷಿಯಿಂದ ಬರುತ್ತಾರೆ. ಕುಡಿಯುವವರೇ ಇಷ್ಟಪಟ್ಟು ಕೇಳಿದರೆ ಇಬ್ಬರು ಸದಸ್ಯರು ಮನೆಗೇ ಬಂದು ಮಾತಾಡುವ ರೂಢಿಯೂ ಇದೆ.

ಹೆಂಗಸರಿಗೆ ಇದು ಇನ್ನೂ ಕಷ್ಟ. ಗಂಡಸರೇ ತುಂಬಿದ ಕೋಣೆಗೆ ಒಬ್ಬರೇ ಹೋಗುವುದು ಸುಲಭವಲ್ಲ. ಹೆಂಗಸರದ್ದೇ ಮೀಟಿಂಗ್ ಇದೆಯಾ ಎಂದು ಫೋನಿನಲ್ಲೇ ಕೇಳಿ, ಅಥವಾ ಮೊದಲ ಕೆಲವು ಸಲ ಆನ್‌ಲೈನ್ ಮೀಟಿಂಗ್‌ಗೆ ಕ್ಯಾಮೆರಾ ಆಫ್ ಮಾಡಿ ಸೇರಿ. ಹೆಸರಿನ ಜಾಗದಲ್ಲಿ ಪೂರ್ತಿ ಹೆಸರು ಕಾಣದಂತೆ ಮೊದಲೇ ಬದಲಾಯಿಸಿಕೊಳ್ಳಿ.

## ಹಂತ 4: ಹೋಗುವ ದಿನ

ಹೊಟ್ಟೆ ತುಂಬ ಊಟ ಮಾಡಿ. ಹತ್ತು ನಿಮಿಷ ಮೊದಲೇ ತಲುಪಿ. ದಿನಾ ಹೋಗುವ ಬಾರಿನ ಮುಂದಿನ ರಸ್ತೆ ಬಿಟ್ಟು ಬೇರೆ ದಾರಿ ಹಿಡಿಯಿರಿ, ಒಂದು ಕಿಲೋಮೀಟರ್ ಜಾಸ್ತಿ ಆದರೂ ಸರಿ.

ಅವತ್ತು ಕುಡಿದುಬಿಟ್ಟಿದ್ದರೆ? ಆದರೂ ಹೋಗಿ. ಗಲಾಟೆ ಮಾಡದಿದ್ದರೆ ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ, ಸುಮ್ಮನೆ ಕೂತು ಕೇಳಿ ಅಂತಾರೆ. ಗಾಡಿ ಮಾತ್ರ ನೀವು ಓಡಿಸಬೇಡಿ.

ಚರ್ಚಿನ ಆವರಣ ಕಂಡು "ಮತಾಂತರ ಮಾಡ್ತಾರೇನೋ" ಅಂತ ಹೊರಗಿನಿಂದಲೇ ತಿರುಗಿ ಬಂದವರನ್ನು ನೋಡಿದ್ದೇನೆ. ಎ.ಎ. ಯಾವ ಧರ್ಮಕ್ಕೂ, ಪಕ್ಷಕ್ಕೂ ಸೇರಿದ್ದಲ್ಲ. ಕೋಣೆ ಸಿಕ್ಕಿತು, ಕೂರುತ್ತಾರೆ. ಶುರುವಿನಲ್ಲೋ ಕೊನೆಯಲ್ಲೋ ಒಂದು ಚಿಕ್ಕ ಪ್ರಾರ್ಥನೆ ಇರುತ್ತದೆ, ಅದರಲ್ಲಿ ದೇವರು ಅಂದರೆ ನಿಮ್ಮ ಮನಸ್ಸಿಗೆ ಬಂದ ದೇವರು. ಹೇಳಲು ಇಷ್ಟವಿಲ್ಲದಿದ್ದರೆ ಸುಮ್ಮನೆ ನಿಂತಿರಿ.

## ಹಂತ 5: ಒಳಗೆ ಏನಾಗುತ್ತದೆ

ನನ್ನ ತಮ್ಮ ಕೊನೆಗೂ ಒಳಗೆ ಕಾಲಿಟ್ಟ ಮೀಟಿಂಗ್ ಒಂದು ಶಾಲೆಯ ತರಗತಿಯಲ್ಲಿತ್ತು. ಮಕ್ಕಳ ಬೆಂಚು, ಮಂಡಿ ಮಡಚಿ ಕೂರಬೇಕು. ಕರಿಹಲಗೆಯ ಮೇಲೆ ಏಳರ ಮಗ್ಗಿ ಹಾಗೇ ಇತ್ತು. ಹನ್ನೊಂದು ಜನ. ಟೀ ಬಂತು, ಸ್ಟೀಲ್ ಲೋಟದಲ್ಲಿ. ಎಲ್ಲರ ಲೋಟ ತುಂಬ ಟೀ, ಇವನಿಗೆ ಮಾತ್ರ ಅರ್ಧ. ಹೊಸಬ ಅಂತ ತಾತ್ಸಾರವಾ ಅಂತ ನನಗೆ ಕಸಿವಿಸಿಯಾಯಿತು. ಅವನು ಎರಡೂ ಕೈಯಲ್ಲಿ ಹಿಡಿದು ಎತ್ತಿದಾಗ ತಿಳಿಯಿತು. ಕೈ ನಡುಗುತ್ತಿತ್ತು, ಆದರೆ ಒಂದು ಹನಿ ಚೆಲ್ಲಲಿಲ್ಲ. ಅವನು ಕುಡಿದು ಮುಗಿಸಿದ ಮೇಲೆ ಟೀ ಕೊಟ್ಟವರು ಬಂದು, ಏನೂ ಮಾತಾಡದೆ, ಇನ್ನರ್ಧ ಹಾಕಿ ಹೋದರು.

ಮೀಟಿಂಗ್ ಸುಮಾರು ಒಂದರಿಂದ ಒಂದೂವರೆ ಗಂಟೆ. ಒಬ್ಬರು ನಡೆಸುತ್ತಾರೆ. ಏನೋ ಸ್ವಲ್ಪ ಓದುತ್ತಾರೆ. ಆಮೇಲೆ ಒಬ್ಬೊಬ್ಬರೇ ತಮ್ಮ ಕತೆ ಹೇಳುತ್ತಾರೆ, ಅದಕ್ಕೆ ಶೇರಿಂಗ್ ಅಂತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದರೆ "ಇವತ್ತು ಕೇಳೋಕೆ ಬಂದಿದೀನಿ" ಅಂದರೆ ಸಾಕು. ಯಾರೂ ಒತ್ತಾಯ ಮಾಡುವುದಿಲ್ಲ.

ಒಂದು ಡಬ್ಬ ಸುತ್ತ ಬರುತ್ತದೆ. ಅದು ಟೀ, ಬಾಡಿಗೆಗೆ ಸದಸ್ಯರು ಇಷ್ಟಪಟ್ಟು ಹಾಕುವ ದುಡ್ಡು. ಮೊದಲ ದಿನ ನೀವು ಹಾಕಬೇಕಾಗಿಲ್ಲ, ಪಕ್ಕಕ್ಕೆ ದಾಟಿಸಿ.

ಅಲ್ಲಿ ನಿಮ್ಮ ಬೀದಿಯವರೋ ಆಫೀಸಿನವರೋ ಕಂಡರೆ ಗಾಬರಿ ಬೇಡ. ಅವರೂ ಅದಕ್ಕೇ ಬಂದಿರುತ್ತಾರೆ. ಯಾರನ್ನು ನೋಡಿದಿರಿ, ಏನು ಕೇಳಿದಿರಿ ಅನ್ನೋದನ್ನು ಮನೆಯಲ್ಲೂ ಹೇಳಬೇಡಿ. ಅಲ್ಲಿ ಫೋಟೋ, ರೆಕಾರ್ಡಿಂಗ್ ಮಾಡಲೇಬಾರದು.

ಮುಗಿದ ತಕ್ಷಣ ಓಡಬೇಡಿ. ಚೆನ್ನಾಗಿ ಮಾತಾಡಿದರು ಅನ್ನಿಸಿದ ಇಬ್ಬರ ನಂಬರ್ ತೆಗೆದುಕೊಳ್ಳಿ. ನಂಬರ್ ಇಲ್ಲದೆ ಮನೆಗೆ ಬಂದರೆ ಅರ್ಧ ಕೆಲಸ ಮಾತ್ರ ಆದ ಹಾಗೆ.

## ಹಂತ 6: ಆರು ಸಲ ಹೋಗುವವರೆಗೆ ತೀರ್ಪು ಕೊಡಬೇಡಿ

"ನನ್ನಷ್ಟು ಕೆಟ್ಟಿರೋರು ಅಲ್ಲಿ ಯಾರೂ ಇಲ್ಲ" ಅಥವಾ "ನಾನು ಅವರಷ್ಟು ಕೆಟ್ಟಿಲ್ಲ", ಮೊದಲ ದಿನ ಈ ಎರಡರಲ್ಲಿ ಒಂದು ಅನ್ನಿಸಿಯೇ ಅನ್ನಿಸುತ್ತದೆ. ಅದನ್ನು ಬರೆದಿಟ್ಟು ಮತ್ತೆ ಹೋಗಿ. ಎರಡು ಬೇರೆ ಬೇರೆ ಗುಂಪುಗಳಲ್ಲಿ ಒಟ್ಟು ಆರು ಸಲ ಕೂತ ಮೇಲೆ ತೀರ್ಮಾನ ಮಾಡಿ. ಆರು ಅನ್ನೋದು ನನ್ನ ಲೆಕ್ಕ. ಹಳಬರು 90 ದಿನದಲ್ಲಿ 90 ಮೀಟಿಂಗ್ ಅಂತಾರೆ. ಸಣ್ಣ ಊರಿನಲ್ಲಿ ವಾರಕ್ಕೆ ಒಂದೇ ಇದ್ದರೆ ಉಳಿದ ದಿನ ಆನ್‌ಲೈನ್ ಸೇರಿಸಿಕೊಳ್ಳಿ.

ಗುಂಪು ಸರಿಯಿಲ್ಲ ಅನ್ನುವ ಸೂಚನೆಗಳೂ ಇವೆ. ಯಾರಾದರೂ ಸಾಲ ಕೇಳುವುದು, ಔಷಧಿ ಮಾರುವುದು, ಚೀಟಿಗೆ ಸೇರಿಸುವುದು, ಹೊಸ ಹೆಂಗಸರಿಗೆ ರಾತ್ರಿ ಮೆಸೇಜ್ ಮಾಡುವುದು. "ಮನೋವೈದ್ಯರ ಮಾತ್ರೆ ಬಿಟ್ಟುಬಿಡಿ, ಮೀಟಿಂಗ್ ಸಾಕು" ಅನ್ನುವವರ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಸದಸ್ಯರು ತಾವೇ ಡಾಕ್ಟರ್ ಥರ ಔಷಧಿಯ ಸಲಹೆ ಕೊಡಬಾರದು ಅಂತ ಎ.ಎ.ಯೇ ಹೇಳುತ್ತದೆ. ಅಂಥ ಗುಂಪು ಬಿಟ್ಟು ಇನ್ನೊಂದು ಹುಡುಕಿ, ಮೀಟಿಂಗ್ ಬಿಡಬೇಡಿ.

## ಹಂತ 7: ಸ್ಪಾನ್ಸರ್ ಮತ್ತು ಒಂದು ಚಿಕ್ಕ ಕೆಲಸ

ಸ್ಪಾನ್ಸರ್ ಅಂದರೆ ದುಡ್ಡು ಕೊಡುವವರಲ್ಲ. ನಿಮಗಿಂತ ಮೊದಲು ಬಿಟ್ಟು, ಹನ್ನೆರಡು ಮೆಟ್ಟಿಲುಗಳ (ಕುಡಿತ ಬಿಟ್ಟು ಬದುಕಲು ಎ.ಎ. ಹಾಕಿಕೊಟ್ಟ ಹಂತಗಳ) ದಾರಿಯಲ್ಲಿ ಜೊತೆಗೆ ನಡೆಯುವವರು. ಕನಿಷ್ಠ ಒಂದು ವರ್ಷ ಕುಡಿಯದೆ ಇರುವವರನ್ನು ನೋಡಿ. ಗಂಡಸರು ಗಂಡಸರನ್ನು, ಹೆಂಗಸರು ಹೆಂಗಸರನ್ನು ಕೇಳುವುದು ರೂಢಿ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಎತ್ತುತ್ತಾರಾ ಅನ್ನೋದೇ ನನ್ನ ಮಟ್ಟಿಗೆ ದೊಡ್ಡ ಪರೀಕ್ಷೆ.

ಕುರ್ಚಿ ಜೋಡಿಸುವುದು, ಲೋಟ ತೊಳೆಯುವುದು, ಇಂಥ ಒಂದು ಕೆಲಸ ವಹಿಸಿಕೊಳ್ಳಿ. ಕೆಲಸ ಇದ್ದರೆ ಮನಸ್ಸಿಲ್ಲದ ದಿನವೂ ಹೋಗುತ್ತೀರಿ. ನನ್ನ ತಮ್ಮ ಈಗ ಟೀ ಮಾಡುತ್ತಾನೆ.

ಹಬ್ಬಕ್ಕೆ ಮೊದಲೇ ಯೋಜನೆ ಇರಲಿ. ಯುಗಾದಿಯ ಮರುದಿನದ ಹೊಸತೊಡಕು, ಬೀಗರೂಟ, ಊರ ಜಾತ್ರೆ, ಸಂಬಳದ ದಿನ. ಇವುಗಳ ಹಿಂದಿನ ಸಂಜೆ ಒಂದು ಮೀಟಿಂಗ್, ಅವತ್ತು ಸ್ಪಾನ್ಸರ್‌ಗೆ ಎರಡು ಫೋನ್. ಬೀಗರೂಟಕ್ಕೆ ಹೋಗಲೇಬೇಕಾದರೆ ಮೊದಲ ಪಂಕ್ತಿಯಲ್ಲೇ ಉಂಡು ಕೈ ತೊಳೆದು ಹೊರಡಿ.

## ಹಂತ 8: ಮನೆಯವರು ಮಾಡಬೇಕಾದ್ದು

ಎಳೆದುಕೊಂಡು ಹೋಗಬೇಡಿ. ಕುಡಿದಿರುವಾಗ ಈ ಮಾತೇ ಎತ್ತಬೇಡಿ. ಬೆಳಿಗ್ಗೆ, ಅಮಲು ಇಳಿದಾಗ, ನಾಲ್ಕು ಜನರ ಎದುರಿಗಲ್ಲದೆ ಒಬ್ಬರೇ ಹೇಳಿ: "ಗುರುವಾರ ಮೀಟಿಂಗ್ ಇದೆಯಂತೆ. ನೀನು ಒಪ್ಪಿದ್ರೆ ಗೇಟಿನ ತನಕ ನಾನೂ ಬರ್ತೀನಿ." ಮೀಟಿಂಗ್ ಮುಗಿಸಿ ಬಂದಾಗ "ಏನಂದ್ರು, ನೀನೇನಂದೆ" ಅಂತ ವಿಚಾರಣೆ ಬೇಡ, ಊಟ ಬಡಿಸಿ.

ಅವರು ಬರಲಿ ಬಿಡಲಿ, ನೀವು ಅಲ್-ಅನಾನ್‌ಗೆ ಹೋಗಬಹುದು. ಕುಡಿತದ ಮನೆಯಲ್ಲಿ ಕುಡಿಯದವರೂ ಸವೆದುಹೋಗಿರುತ್ತಾರೆ. ಹೊಡೆತ ಬಡಿತ ಇದ್ದರೆ ಮೀಟಿಂಗ್‌ಗಾಗಿ ಕಾಯಬೇಡಿ, ಹೆಂಗಸರ ಸಹಾಯವಾಣಿ 181, ತುರ್ತಿಗೆ 112.

## ಹಂತ 9: ಮತ್ತೆ ಕುಡಿದರೆ

ಇದಕ್ಕೆ ಸ್ಲಿಪ್ ಅಂತಾರೆ. ಆಗುತ್ತದೆ, ಬಹಳ ಜನರಿಗೆ ಆಗಿದೆ. ಆಗ ಮಾಡುವ ತಪ್ಪು ಒಂದೇ, ನಾಚಿಕೆಯಿಂದ ಮೀಟಿಂಗ್ ತಪ್ಪಿಸುವುದು. ಒಂದು ದಿನದ ಸ್ಲಿಪ್ ಆರು ತಿಂಗಳ ಕುಡಿತವಾಗುವುದು ಹೀಗೇ.

ಸ್ಲಿಪ್‌ಗೆ ಮುಂಚೆ ಸುಳಿವು ಸಿಗುತ್ತದೆ: ಮೀಟಿಂಗ್‌ಗೆ ತಡವಾಗಿ ಹೋಗುವುದು, ಸ್ಪಾನ್ಸರ್ ಫೋನ್ ಎತ್ತದಿರುವುದು, ಹಳೇ ಗೆಳೆಯರ ಜೊತೆ "ಸುಮ್ನೆ ಕೂರೋಕೆ" ಬಾರಿಗೆ ಹೋಗುವುದು, ಸಣ್ಣದಕ್ಕೂ ಸಿಡುಕುವುದು. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಯಾವುದು ಅಂತ ನೋಡಿ ಮೊದಲು ಅದಕ್ಕೆ ಏನಾದರೂ ಮಾಡಿ.

ಹಲವು ದಿನ ಸತತ ಕುಡಿದಿದ್ದರೆ ಮತ್ತೆ ಹಂತ 1ರಿಂದಲೇ, ಅಂದರೆ ಡಾಕ್ಟರ್‌ನಿಂದಲೇ ಶುರು. ಡೈಸಲ್ಫಿರಾಮ್ ತಿನ್ನುತ್ತಿದ್ದು ಕುಡಿದಿದ್ದರೆ ಮೈ ಹೇಗಿದೆ ಎಂದು ಕಾದು ನೋಡದೆ ಆಸ್ಪತ್ರೆಗೆ ಹೋಗಿ. ಒಂದೇ ಸಂಜೆಯ ಕುಡಿತವಾದರೆ, ಬೆಳಿಗ್ಗೆ ಎದ್ದ ಕೂಡಲೇ ನೋಟ್‌ಬುಕ್‌ನಲ್ಲಿರುವ ಮೊದಲ ನಂಬರ್‌ಗೆ ಫೋನ್ ಮಾಡಿ. ಕಾರಣ ಹೇಳಬೇಡಿ, ಕ್ಷಮೆ ಕೇಳಬೇಡಿ. ಇಷ್ಟೇ ಹೇಳಿ: "ನಿನ್ನೆ ಕುಡಿದೆ. ಇವತ್ತು ಮೀಟಿಂಗ್ ಎಷ್ಟು ಹೊತ್ತಿಗೆ?"